ಅಜ್ಜಿ ಬರೆದ ಕೊನೆಯ ಭೂಮಣ್ಣಿ ಬುಟ್ಟಿ: ಮೇಲೆ ಕೆಮ್ಮಣ್ಣು ಬಳಿಯಬೇಕಾ, ಹಾಗೇ ಇಡಬೇಕಾ?

ಸಾಗರದವಳು

ಎಲ್ಲರಿಗೂ ನಮಸ್ಕಾರ. ಹಸೆ ಚಿತ್ತಾರ ಬಲ್ಲವರು, ಹಿರಿಯರ ಕೈಕೆಲಸವನ್ನು ಮನೆಯಲ್ಲಿ ಉಳಿಸಿಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಭೂಮಿ ಹುಣ್ಣಿಮೆಗೆ ಇನ್ನು ಹದಿನೈದೇ ದಿನ. ಅಷ್ಟರೊಳಗೆ ಒಂದು ತೀರ್ಮಾನ ಆಗಬೇಕು. ನನಗೂ ಅಮ್ಮನಿಗೂ ಮಾತು ಹೊಂದುತ್ತಿಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ನಾವು ಸಾಗರ ತಾಲ್ಲೂಕಿನ ದೀವರ ಸಮುದಾಯದವರು. ಆಶ್ವೀಜದ ಹುಣ್ಣಿಮೆ ಹೊತ್ತಿಗೆ ಭತ್ತ ಹೊಡೆ ತುಂಬಿ ನಿಂತಿರುತ್ತದೆ. ಭೂಮಿ ಈಗ ಬಸುರಿ ಅಂತ ನಮ್ಮ ಲೆಕ್ಕ. ಬಸುರಿಗೆ ಬಯಕೆ ಊಟ ಹಾಕಬೇಕಲ್ವಾ? ಅದೇ ಭೂಮಿ ಹುಣ್ಣಿಮೆ. ರಾತ್ರಿಯೆಲ್ಲಾ ಅಡುಗೆ ಮಾಡಿ, ಬೆಳಕು ಹರಿಯುವ ಮುಂಚೆ ಅದನ್ನು ಬುಟ್ಟಿಯಲ್ಲಿ ಹೊತ್ತು ಗದ್ದೆಗೆ ಹೋಗುತ್ತೇವೆ. ಆ ಬುಟ್ಟಿಗೆ ಭೂಮಣ್ಣಿ ಬುಟ್ಟಿ ಅಂತ ಹೆಸರು. ಬುಟ್ಟಿಗೆ ಸಗಣಿ ಬಳಿದು, ಒಣಗಿದ ಮೇಲೆ ಕೆಮ್ಮಣ್ಣು ಬಳಿದು, ಅದರ ಮೇಲೆ ಚಿತ್ತಾರ ಬರೆಯುತ್ತಾರೆ. ಅಕ್ಕಿ ಅರೆದ ಬಿಳಿ, ಅಕ್ಕಿಯನ್ನೇ ಕರಕಲು ಹುರಿದು ಅರೆದ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚ ಅಂದರೆ ಪುಂಡಿ ನಾರು. ಪ್ರತಿ ವರ್ಷ ಹಳೇ ಚಿತ್ತಾರದ ಮೇಲೆ ಕೆಮ್ಮಣ್ಣು ಬಳಿದು ಹೊಸದಾಗಿ ಬರೆಯಬೇಕು. ಹೋದ ವರ್ಷದ ಚಿತ್ತಾರದಲ್ಲಿ ಎಡೆ ಒಯ್ಯುವ ಪದ್ಧತಿ ನಮ್ಮ ಮನೆಯಲ್ಲಿ ಇಲ್ಲ.

ನಮ್ಮ ಅಜ್ಜಿ, ಅಪ್ಪನ ಅಮ್ಮ, 2024ರ ಫೆಬ್ರವರಿಯಲ್ಲಿ ತೀರಿಕೊಂಡಳು. ಎಂಬತ್ತರ ಹತ್ತಿರ ಆಗಿತ್ತು. 2023ರ ಹುಣ್ಣಿಮೆಗೆ ಅವಳು ಬರೆದ ಬುಟ್ಟಿ ಒಲೆ ಮೇಲಿನ ಅಟ್ಟದಲ್ಲಿ ಹಾಗೇ ತೂಗುತ್ತಿದೆ. ಕಳೆದ ವರ್ಷ ಸಾವಾದ ಮನೆ ಅಂತ ನಾವು ಹಬ್ಬ ಮಾಡಲಿಲ್ಲ. ಪಕ್ಕದ ಗದ್ದೆಯವರು ತಮ್ಮ ಹಚ್ಚಂಬಲಿ, ಅಂದರೆ ಗದ್ದೆಗೆ ಬೀರುವ ಸೊಪ್ಪಿನ ಎಡೆ, ಬೀರುವಾಗ ನಮ್ಮ ಗದ್ದೆಗೂ ಒಂದು ಹಿಡಿ ಬೀರಿ ಹೋದರಂತೆ. ಕೇಳಿ ಅಪ್ಪ ಕಣ್ಣಲ್ಲಿ ನೀರು ಹಾಕಿದರು.

ಈ ವರ್ಷ ಹಬ್ಬ ಮಾಡಲೇಬೇಕು. ಅಮ್ಮ ಆಗಲೇ ಕೆಮ್ಮಣ್ಣು ತಂದು ನೆನೆ ಹಾಕಿದ್ದಾರೆ. ನನಗೆ ಆ ಬುಟ್ಟಿಯ ಮೇಲೆ ಕೆಮ್ಮಣ್ಣು ಬಳಿಯಲು ಮನಸ್ಸೇ ಬರುತ್ತಿಲ್ಲ. ಅಜ್ಜಿಯ ಕೈ ಬರಹ ಅಂತ ಮನೆಯಲ್ಲಿ ಇರುವುದು ಅದೊಂದೇ. ಅವಳಿಗೆ ಓದು ಬರಹ ಇರಲಿಲ್ಲ, ಹೆಬ್ಬೆಟ್ಟು ಒತ್ತುತ್ತಿದ್ದಳು. ಫೋಟೋಗಳೂ ಕಡಿಮೆ. ಮೊಬೈಲ್ ಎತ್ತಿದರೆ ಸಾಕು, ಸೆರಗನ್ನು ಮುಖಕ್ಕೆ ಎಳೆದುಕೊಳ್ಳುತ್ತಿದ್ದಳು.

ಅವಳು ಹುಟ್ಟಿದ್ದು, ಮದುವೆಯಾಗಿ ಹೋಗಿದ್ದು ಎರಡೂ ಶರಾವತಿ ದಂಡೆಯ ಊರುಗಳು. ಈಗ ಎರಡೂ ಇಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಿತು. ಆಗ ಅವಳಿಗೆ ಇಪ್ಪತ್ತು ವರ್ಷ, ಮದುವೆಯಾಗಿ ಎರಡು ವರ್ಷ ಆಗಿತ್ತು. ಮನೆ ಬಿಡುವಾಗ ಹೆಂಚು ಇಳಿಸಿಕೊಂಡರು, ತೊಲೆ ಕಿತ್ತುಕೊಂಡರು, ಬಾಗಿಲು ಚೌಕಟ್ಟು, ಒರಳು ಎಲ್ಲಾ ಗಾಡಿಗೆ ಹೇರಿದರು. ಗೋಡೆ ಉಳಿಯಿತು. ಆ ಗೋಡೆಯ ಮೇಲೆ ಅವಳ ಮದುವೆಯ ಹಸೆ ಚಿತ್ತಾರ ಇತ್ತು. ಅವಳ ಅತ್ತೆ ಬರೆದದ್ದು. ಬಣ್ಣ ಇನ್ನೂ ಮಾಸಿರಲಿಲ್ಲವಂತೆ. ನಾನು ಸಣ್ಣವಳಿದ್ದಾಗ ಒಮ್ಮೆ ಕೇಳಿದ್ದೆ, "ಅದನ್ನು ಯಾಕೆ ತರಲಿಲ್ಲ ಅಜ್ಜಿ?" ಅಂತ. "ಗೋಡೆ ಹೊತ್ಕಂಡು ಬರಾಕೆ ಆಗ್ತದಾ ಮಗಾ?" ಅಂದಳು. ಆಮೇಲೆ ಸುಮಾರು ಹೊತ್ತು ಸುಮ್ಮನೆ ಕೂತಿದ್ದಳು.

ಆನಂದಪುರದ ಕಡೆ ಬಂದು ಗೇಣಿಗೆ ಗದ್ದೆ ಹಿಡಿದರು. ಅವಳಿಗೆ ಗೇಣಿ ಅಂದರೆ ಏನು ಅಂತ ಚೆನ್ನಾಗಿ ಗೊತ್ತಿತ್ತು. ಗೇಣಿ ಅಳೆಯುವ ಕೊಳಗದ ವಿಚಾರಕ್ಕೆ 1951ರಲ್ಲಿ ಗೇಣಿದಾರರ ಕಾಗೋಡು ಸತ್ಯಾಗ್ರಹ ಆದಾಗ ಅವಳು ಏಳು ವರ್ಷದ ಹುಡುಗಿ. ದೊಡ್ಡವರು ರಾತ್ರಿ ಪಿಸುಗುಟ್ಟುತ್ತಾ ಮಾತಾಡಿಕೊಳ್ಳುತ್ತಿದ್ದದ್ದು ನೆನಪಿತ್ತು. 1974ರ ಭೂಸುಧಾರಣೆ ಬಂದ ಮೇಲೆ ಅಜ್ಜ ಡಿಕ್ಲರೇಷನ್ ಹಾಕಿದರು. ಕೆಲವು ವರ್ಷದ ಮೇಲೆ ಒಂದೂವರೆ ಎಕರೆ ನಮ್ಮ ಹೆಸರಿಗೆ ಆಯಿತು. ಆ ವರ್ಷದ ಹುಣ್ಣಿಮೆಗೆ ತನ್ನ ಕರಿಮಣಿ ಸರವನ್ನು ಭತ್ತದ ಬುಡಕ್ಕೆ ಹಾಕಿ ಪೂಜೆ ಮಾಡುವಾಗ ಕೈ ನಡುಗಿತು ಅಂತ ಹೇಳುತ್ತಿದ್ದಳು. ಅಲ್ಲಿಯವರೆಗೆ ಬೇರೆಯವರ ಭೂಮಿಗೆ ಬಯಕೆ ಊಟ ಹಾಕಿದ್ದಾಗಿತ್ತು.

ಅಜ್ಜ ಹೋದ ಮೇಲೆ ಅವಳು ಪೂಜೆಗೆ ಗದ್ದೆಗೆ ಇಳಿಯಲಿಲ್ಲ. ನಾವು ಎಷ್ಟು ಕರೆದರೂ ಬರಲಿಲ್ಲ. ಬುಟ್ಟಿ ಬರೆಯುವುದನ್ನು ಮಾತ್ರ ಬಿಡಲಿಲ್ಲ. ಮಹಾನವಮಿ ಬಂತು ಅಂದರೆ ಪುಂಡಿ ನಾರಿನ ತುದಿ ಕಚ್ಚಿ ಮೆತ್ತಗೆ ಮಾಡುತ್ತಾ ಜಗುಲಿಯಲ್ಲಿ ಕೂರುತ್ತಿದ್ದಳು. ಕಣ್ಣಿಗೆ ಪೊರೆ ಬಂದು ಆಪರೇಷನ್ ಆದ ವರ್ಷವೂ ಬರೆದಳು. ನಾನು ಪಕ್ಕದಲ್ಲಿ ಕೂತು ಒಂದು ಎಳಿ, ಅಂದರೆ ಗೆರೆ, ಎಳೆಯಲು ಹೋಗಿ ತಡವರಿಸಿದರೆ, "ಹೆದರ್ಕಂಡು ಎಳೆದ್ರೆ ಸೊಟ್ಟ ಆಗ್ತದೆ. ಉಸಿರು ಹಿಡಿ, ಎಳಿ" ಅನ್ನುತ್ತಿದ್ದಳು.

ಅವಳ ಬುಟ್ಟಿಯಲ್ಲಿ ಬೇರೆ ಯಾರ ಮನೆಯ ಬುಟ್ಟಿಯಲ್ಲೂ ಇಲ್ಲದ ಒಂದು ಚಿತ್ರ ಇರುತ್ತಿತ್ತು. ಹೊಳೆಬಾಗಿಲಿನ ಲಾಂಚು, ಅಂದರೆ ಹಿನ್ನೀರು ದಾಟಿಸುವ ದೊಡ್ಡ ದೋಣಿ. ಅವಳ ತವರಿನ ಕಡೆಯವರು ತುಮರಿ ಭಾಗದಲ್ಲಿ ಉಳಿದುಕೊಂಡಿದ್ದರು. ತಮ್ಮನ ಮನೆಗೆ ಹೋಗಬೇಕಾದರೆ ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಲಾಂಚಿನಲ್ಲೇ ದಾಟಬೇಕಿತ್ತು. ಕೆಳಗೆ ತಾನು ಹುಟ್ಟಿದ ಊರು, ಮೇಲೆ ತಾನು. ದಾಟುವಾಗ ಒಂದು ಮಾತೂ ಆಡುತ್ತಿರಲಿಲ್ಲ. ಮನೆಗೆ ಬಂದು ಬುಟ್ಟಿ ಬರೆಯುವಾಗ ಜೋಗಿ ಜಡೆ, ನಿಲಿ, ಕೊಚ್ಚು ಅನ್ನುವ ನಮೂನೆ ಎಲ್ಲಾ ಮುಗಿಸಿ, ಅಂಚಿನ ಕೆಳಗೆ ಎರಡು ಬೆರಳಗಲ ಜಾಗದಲ್ಲಿ ಒಂದು ಲಾಂಚು ಬರೆಯುತ್ತಿದ್ದಳು. ಅದರ ಮೇಲೆ ಒಂದು ಬಸ್ಸು, ಐದಾರು ಗೊಂಬೆ. ಚಿತ್ತಾರದ ಗೊಂಬೆಗೆ ಕಣ್ಣು ಮೂಗು ಇರುವುದಿಲ್ಲ. ಆದರೂ ಇದು ನಾನು, ಇದು ನಿನ್ನ ಅಪ್ಪ ಅಂತ ತೋರಿಸುತ್ತಿದ್ದಳು.

ಅಮ್ಮ ಹೇಳುವುದು ಇಷ್ಟೇ: "ಅತ್ತೆ ಇದ್ದಿದ್ರೆ ಇಷ್ಟು ಹೊತ್ತಿಗೆ ಬಳಿದು ಮುಗಿಸ್ತಿದ್ರು." ಅದೂ ನಿಜ. ಆದರೆ ಅದು ಹೋದರೆ ಮತ್ತೆ ಸಿಗುವುದಿಲ್ಲ ಅಲ್ವಾ? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಹಾಗೇ ಇಡುವುದಾದರೆ ಹಾಳಾಗದಂತೆ ಇಡುವುದು ಹೇಗೆ?

ಹಳೇ ಸಾಮಾನು

ಓದಿ ಮನಸ್ಸು ತುಂಬಿ ಬಂತು. ನಾನು ಒಂದು ವಸ್ತು ಸಂಗ್ರಹಾಲಯದಲ್ಲಿ ಹಲವು ವರ್ಷ ಕೆಲಸ ಮಾಡಿದ್ದೇನೆ. ಬಳಿಯಬೇಕೋ ಬೇಡವೋ ಅನ್ನುವುದು ನಿಮ್ಮ ಮನೆಯ ವಿಷಯ, ಅದರಲ್ಲಿ ಮಾತಾಡುವುದಿಲ್ಲ. ಇಡುವ ಬಗ್ಗೆ ಮಾತ್ರ ಹೇಳುತ್ತೇನೆ.

ಏನೇ ಮಾಡಿದರೂ ವಾರ್ನಿಷ್ ಹೊಡೆಯಬೇಡಿ. ತುಂಬಾ ಜನ ಹೊಳಪು ಬರಲಿ, ಉಳಿಯಲಿ ಅಂತ ಹೊಡೆಯುತ್ತಾರೆ. ಮಣ್ಣಿನ ಬಣ್ಣ ಅದನ್ನು ಕುಡಿದು ಕಪ್ಪಾಗುತ್ತದೆ. ಆಮೇಲೆ ತೆಗೆಯಲು ಬರುವುದಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತುವುದೂ ಬೇಡ. ಮಲೆನಾಡಿನ ಮಳೆಗಾಲದಲ್ಲಿ ಒಳಗೆ ತೇವ ಹಿಡಿದು ಬೂಷ್ಟು ಬರುತ್ತದೆ. ಬಿಳಿ ಬಣ್ಣ ಅಕ್ಕಿಯದು, ಹುಳಕ್ಕೆ ಅದು ಊಟ. ಜಿರಳೆ ನೆಕ್ಕಿದರೆ ಗೆರೆ ಹೋಗುತ್ತದೆ. ನಿಮ್ಮ ಅಜ್ಜಿ ಒಲೆ ಮೇಲೆ ತೂಗು ಹಾಕಿದ್ದು ಸುಮ್ಮನೆ ಅಲ್ಲ. ಹೊಗೆ ತಾಗಿದ ಬಿದಿರಿಗೆ ಹುಳ ಹತ್ತುವುದು ಕಡಿಮೆ. ಆದರೆ ವರ್ಷಗಟ್ಟಲೆ ಅಲ್ಲೇ ಬಿಟ್ಟರೆ ಮಸಿ ಕೂತು ಚಿತ್ತಾರ ಮುಚ್ಚಿಹೋಗುತ್ತದೆ.

ಒಗೆದ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ, ಗಾಳಿಯಾಡುವ ಕಡೆ, ನೆಲದಿಂದ ಎತ್ತರಕ್ಕೆ ಇಡಿ. ಗೋಡೆಗೆ ತಾಗಬಾರದು. ಎರಡು ತಿಂಗಳಿಗೊಮ್ಮೆ ತೆಗೆದು ನೋಡಿ.

ಅದಕ್ಕೆ ಮುಂಚೆ ಇವತ್ತೇ ಫೋಟೋ ತೆಗೆಯಿರಿ. ಫ್ಲಾಶ್ ಬೇಡ. ಬೆಳಿಗ್ಗೆ ಜಗುಲಿಗೆ ಓರೆಯಾಗಿ ಬೆಳಕು ಬರುತ್ತದಲ್ಲ, ಆಗ ಬುಟ್ಟಿಯನ್ನು ಮಣೆ ಮೇಲೆ ಇಟ್ಟು, ಮಣೆಯನ್ನೇ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಸುತ್ತಲೂ ತೆಗೆಯಿರಿ. ನೀವು ಮೊಬೈಲ್ ಹಿಡಿದು ನಿಂತ ಜಾಗ ಬದಲಾಗಬಾರದು. ಪಕ್ಕದಲ್ಲಿ ಒಂದು ಸ್ಕೇಲ್ ಇಡಿ. ಲಾಂಚಿನದು ಹತ್ತಿರದಿಂದ ಬೇರೆಯಾಗಿ ತೆಗೆಯಿರಿ. ಚಿತ್ತಾರದ ಮೇಲೆ ಟ್ರೇಸಿಂಗ್ ಪೇಪರ್ ಒತ್ತಿ ಹಿಡಿದು ಬರೆಯಲು ಹೋಗಬೇಡಿ, ಬಣ್ಣ ಉದುರುತ್ತದೆ.

ಗದಗಿನ ಮಗ

ಅಕ್ಕಾರ, ನಮ್ಮ ಕಡೆ ಚಿತ್ತಾರ ಇಲ್ಲ, ಕೌದಿ ಇದೆ. ನಮ್ಮವ್ವ ಕೌದಿ ಹೊಲಿಯುವುದರಲ್ಲಿ ಓಣಿಗೇ ಹೆಸರುವಾಸಿ. ಹಳೇ ಸೀರೆ, ಅಪ್ಪನ ಧೋತರ, ನಮ್ಮ ಹರಿದ ಅಂಗಿ ಎಲ್ಲಾ ಅದರಲ್ಲಿ ಇರುತ್ತಿದ್ದವು. ಕೊನೆಯ ಮೂಲೆ ಹೊಲಿಯುವ ಮುಂಚೆ ಒಳಗೆ ಒಂದು ಚೂರು ರೊಟ್ಟಿ ಇಡುತ್ತಿದ್ದಳು. "ಕೌದಿ ಉಪವಾಸ ಇದ್ರ ಹೊದ್ದವರಿಗೂ ಹಸಿವು" ಅಂತಿದ್ದಳು.

ಅವ್ವ ತೀರಿಕೊಂಡ ಮೇಲೆ ಅವಳ ಕೊನೆಯ ಕೌದಿಯನ್ನು ನಾನು ಯಾರಿಗೂ ಮುಟ್ಟಲು ಬಿಡಲಿಲ್ಲ. ಹೆಂಡತಿ ಕೇಳಿದಳು, ಕೊಡಲಿಲ್ಲ. ತಂಗಿ ಬಾಣಂತನಕ್ಕೆ ಬಂದಾಗ ಕೂಸಿಗೆ ಹಾಸಲು ಕೇಳಿದಳು, ಅವಳಿಗೂ ಇಲ್ಲ ಅಂದೆ. ಟ್ರಂಕಿನಲ್ಲಿ ಇಟ್ಟು ಬೀಗ ಹಾಕಿದೆ. ಆರು ವರ್ಷ ಆದ ಮೇಲೆ ತೆಗೆದೆ. ಟ್ರಂಕಿನ ತಳಕ್ಕೆ ತುಕ್ಕು ಹಿಡಿದು ತೂತು ಬಿದ್ದಿತ್ತು. ಅಲ್ಲಿಂದ ಇಲಿ ಹೊಕ್ಕು ನಡುವೆ ಗೂಡು ಮಾಡಿತ್ತು. ಒಂದು ಅಂಗೈ ಅಗಲದ ಬಟ್ಟೆಯೂ ಗಟ್ಟಿ ಉಳಿದಿರಲಿಲ್ಲ. ಆ ದಿನ ಅತ್ತಂಗ ಅವ್ವ ಹೋದ ದಿನವೂ ನಾನು ಅತ್ತಿರಲಿಲ್ಲ.

ತಂಗಿಯ ಮನೆಯಲ್ಲಿ ಅವ್ವ ಹೊಲಿದ ಇನ್ನೊಂದು ಕೌದಿ ಇದೆ. ದಿನಾ ಹಾಸುತ್ತಾರೆ, ಒಗೆಯುತ್ತಾರೆ. ಹರಿದಲ್ಲಿ ತಂಗಿ ತನ್ನ ಸೀರೆ ತುಂಡು ಹಚ್ಚಿದ್ದಾಳೆ. ಈಗ ಅದರಲ್ಲಿ ಅವ್ವನ ಹೊಲಿಗೆ ಎಷ್ಟು, ತಂಗಿಯದು ಎಷ್ಟು ಅಂತ ಹೇಳುವುದೇ ಕಷ್ಟ. ಊರಿಗೆ ಹೋದಾಗ ನಾನು ಅದನ್ನೇ ಹೊದ್ದು ಮಲಗುತ್ತೇನೆ.

ನಿಮ್ಮ ಬುಟ್ಟಿ ಬೇರೆ, ನಮ್ಮ ಕೌದಿ ಬೇರೆ. ಆದರೂ ಹೇಳಬೇಕು ಅನ್ನಿಸಿತು. ತಪ್ಪು ತಿಳಿಯಬೇಡಿ.

ಸಾಗರದವಳು

ತಪ್ಪು ಯಾಕೆ ತಿಳಿಯಲಿ ಅಣ್ಣಾ. ನೀವು ಬರೆದದ್ದನ್ನು ಅಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ. ರೊಟ್ಟಿ ಚೂರಿನ ಮಾತು ಇನ್ನೊಮ್ಮೆ ಓದು ಅಂದರು. ನಾವೂ ಗದ್ದೆಯಲ್ಲಿ ಒಂದು ಕಡುಬು ಹೂತು ಬರುತ್ತೇವೆ, ಕೊಯ್ಲಿನ ಹೊತ್ತಿಗೆ ತೆಗೆದು ಹಂಚಿಕೊಳ್ಳುತ್ತೇವೆ.

ಹಳೇ ಸಾಮಾನು ಅವರೇ, ವಾರ್ನಿಷ್ ವಿಷಯ ಹೇಳಿ ದೊಡ್ಡ ಉಪಕಾರ ಮಾಡಿದಿರಿ. ನಾನು ಅದನ್ನೇ ತರಬೇಕು ಅಂತಿದ್ದೆ. ಈ ಶನಿವಾರ ಬೆಂಗಳೂರಿನಿಂದ ಊರಿಗೆ ಹೋಗುತ್ತಿದ್ದೇನೆ. ಹೋದ ಕೂಡಲೇ ಫೋಟೋ ಕೆಲಸ.

ಸೊರಬದ ಅಕ್ಕ

ತಂಗೀ, ನಾನೂ ಬುಟ್ಟಿ ಬರೆಯುವವಳು. ಅತ್ತೆಯಿಂದ ಕಲಿತದ್ದು. ಈಗ ನನಗೇ ಅರವತ್ತೆರಡು.

ನೀನು ಅಜ್ಜಿಯ ಚಿತ್ತಾರ ಹೋಗುತ್ತದೆ ಅಂತ ಬರೆದಿದ್ದೀಯ. ಬಳಿದರೆ ಅದು ಹೋಗುವುದಿಲ್ಲ. ನಾವು ಹಳೇದನ್ನು ತೊಳೆಯುತ್ತೇವಾ? ಕೆರೆಯುತ್ತೇವಾ? ಅದರ ಮೇಲೇ ಬಳಿಯುತ್ತೇವೆ. ಅದು ಒಳಗೇ ಇರುತ್ತದೆ. ಬುಟ್ಟಿಯ ಅಂಚಿನಲ್ಲಿ ಎಲ್ಲಾದರೂ ಸಿಪ್ಪೆ ಎದ್ದಿದ್ದರೆ ಬೆಳಕಿಗೆ ಹಿಡಿದು ನೋಡು. ಕೆಂಪು, ಸಣ್ಣ ಬಿಳಿ ಗೆರೆ, ಮತ್ತೆ ಕೆಂಪು, ಹೀಗೆ ಕಾಣುತ್ತದೆ. ಒಂದೊಂದು ಕೆಂಪೂ ಒಂದೊಂದು ಹುಣ್ಣಿಮೆ. ಈ ಬುಟ್ಟಿ ಯಾವ ವರ್ಷದ್ದು ಅಂತ ನಿನ್ನ ಅಮ್ಮನನ್ನು ಕೇಳು.

ಇನ್ನೊಂದು. ನೀನು ಬರೀ ಲಾಂಚು ನೋಡಿದ್ದೀಯ. ನಿನ್ನ ಅಜ್ಜಿಯ ಕೈ ಲಾಂಚಿನಲ್ಲಿ ಮಾತ್ರ ಇಲ್ಲ. ಎಳಿ ಎಲ್ಲಿ ಶುರು ಮಾಡಿದ್ದಾರೆ, ನಾರು ಬಣ್ಣ ಮುಗಿದಾಗ ಎಲ್ಲಿ ಎತ್ತಿದ್ದಾರೆ, ಮತ್ತೆ ಎಲ್ಲಿ ಕೂಡಿಸಿದ್ದಾರೆ ಅಂತ ನೋಡು. ಒಬ್ಬೊಬ್ಬರು ಒಂದೊಂದು ಥರ ಕೂಡಿಸುತ್ತಾರೆ. ನಮ್ಮ ಅತ್ತೆ ಕೂಡಿಸುವಲ್ಲಿ ಒಂದು ಅಕ್ಕಿ ಕಾಳಿನಷ್ಟು ಮೇಲೆ ಹೋಗುತ್ತಿದ್ದರು. ನನಗೂ ಹಾಗೇ ಬಂದಿದೆ. ಬೇಕು ಅಂತ ಕಲಿತದ್ದಲ್ಲ.

ಕಪ್ಪು ಬಣ್ಣಕ್ಕೆ ಅಕ್ಕಿಯನ್ನು ಅವಸರ ಮಾಡಿ ಹುರಿಯಬೇಡ. ಹೊರಗೆ ಕಪ್ಪಾಗಿ ಒಳಗೆ ಕಂದು ಉಳಿದರೆ ಅರೆದಾಗ ಬೂದು ಆಗುತ್ತದೆ. ಸಣ್ಣ ಉರಿ ಸಾಕು. ಗುರಿಗೆ ಸಿಗದಿದ್ದರೆ ಹೇಳು, ನನ್ನ ಹತ್ತಿರ ಒಣಗಿಸಿದ್ದು ಇದೆ.

ಸಾಗರದವಳು

ಹುಣ್ಣಿಮೆ ಮುಗಿಸಿ ಬಂದೆ. ಬಂದ ಕೂಡಲೇ ಬರೆಯಬೇಕಿತ್ತು, ಒಂದು ವಾರ ತಡವಾಯಿತು.

ಸೊರಬದ ಅಕ್ಕ ಹೇಳಿದ ಹಾಗೆ ಅಂಚು ನೋಡಿದೆವು. ಹಿಡಿಯುವ ಕಡೆ ಒಂದು ಚಕ್ಕೆ ಎದ್ದಿತ್ತು. ಅಮ್ಮ ಕನ್ನಡಕ ಹಾಕಿಕೊಂಡು ಕೂತು ಎಣಿಸಿದರು. ಇಪ್ಪತ್ತಾರರವರೆಗೆ ಎಣಿಸಿ, ಮುಂದೆ ಒಂದಕ್ಕೊಂದು ಅಂಟಿಕೊಂಡಿದೆ ಅಂತ ಬಿಟ್ಟರು. ಅಮ್ಮ ಮದುವೆಯಾಗಿ ಬಂದ 1989ರಲ್ಲಿ ಅಜ್ಜಿ ಹೆಣೆಸಿದ ಬುಟ್ಟಿಯಂತೆ. ನನಗೆ ಅದು ಗೊತ್ತೇ ಇರಲಿಲ್ಲ. ನಾನು ಹುಟ್ಟಿದ ವರ್ಷದ್ದೂ ಅದರೊಳಗೆ ಎಲ್ಲೋ ಇದೆ. ಅದಾದ ಮೇಲೆ ನಾನು ವಾದ ಮಾಡಲಿಲ್ಲ.

ಫೋಟೋ ತೆಗೆದೆ, ಮಣೆ ತಿರುಗಿಸುತ್ತಾ, ಒಟ್ಟು 48. ಆಮೇಲೆ ಅಮ್ಮ ಕೆಮ್ಮಣ್ಣಿನ ಬಟ್ಟಲು ತಂದು ಕೂತರು. ತಳದಿಂದ ಬಳಿಯುತ್ತಾ ಮೇಲೆ ಬಂದರು. ಕೈ ಸರಾಗವಾಗಿ ಓಡುತ್ತಿತ್ತು. ಅಂಚಿನ ಹತ್ತಿರ ಬಂದಾಗ ನಿಂತಿತು. ಲಾಂಚಿನ ಮುಂದೆ. ಬಟ್ಟೆ ಕೈಯಲ್ಲೇ ಇದೆ, ಕೆಮ್ಮಣ್ಣು ಮೊಣಕೈವರೆಗೆ ಇಳಿಯುತ್ತಿದೆ, ಅಮ್ಮ ಬಳಿಯುತ್ತಿಲ್ಲ. ಅಷ್ಟು ದಿನ ಬಳಿಯಲೇಬೇಕು ಅಂದವರು ಅವರೇ. ಮೂವತ್ತೈದು ವರ್ಷ ಅತ್ತೆ ಸೊಸೆ ಒಂದೇ ಒಲೆ ಮುಂದೆ ಕೂತವರು. ಅಜ್ಜಿ ಹೋದಾಗ ಬಂದವರಿಗೆಲ್ಲಾ ಅಡುಗೆ ಮಾಡುತ್ತಾ ಓಡಾಡಿದ ಅಮ್ಮ ಅವತ್ತು ಜಗುಲಿಯಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತರು. ನಾನು ಬಟ್ಟಲು ತೆಗೆದು ಪಕ್ಕಕ್ಕಿಟ್ಟೆ.

ಸ್ವಲ್ಪ ಹೊತ್ತಾದ ಮೇಲೆ ಅಮ್ಮನೇ ಬೆರಳ ತುದಿಯಲ್ಲಿ ಲಾಂಚಿನ ಸುತ್ತ ಮಾತ್ರ ಕೆಮ್ಮಣ್ಣು ಹಚ್ಚಿದರು. ಎರಡು ಬೆರಳಗಲ ಜಾಗ ಹಳೇದೇ ಉಳಿಯಿತು. ಸುತ್ತಲಿನ ಕೆಂಪು ಹೊಸದು, ಅದರ ಕೆಂಪು ಹೊಗೆ ಹಿಡಿದು ಸ್ವಲ್ಪ ಕಪ್ಪು. ನೋಡಿದರೆ ಗೊತ್ತಾಗುತ್ತದೆ. ಇರಲಿ.

ಉಳಿದದ್ದನ್ನು ನಾನೂ ಅಮ್ಮನೂ ಬರೆದೆವು. ನಿಲಿ ಅಮ್ಮನದು. ಎಳಿ ನನ್ನದು. ಉಸಿರು ಹಿಡಿದು ಎಳೆದೆ. ಮೊದಲ ನಾಲ್ಕು ಸೊಟ್ಟ ಬಂದವು, ಐದನೆಯದು ನೆಟ್ಟಗೆ ಬಂತು. ಅಕ್ಕಾ, ನಾನು ಕೂಡಿಸುವಲ್ಲಿ ಯಾವಾಗಲೂ ಸ್ವಲ್ಪ ಕೆಳಗೆ ಇಳಿಯುತ್ತದೆ. ಫೋಟೋ ದೊಡ್ಡದು ಮಾಡಿ ನೋಡಿದೆ. ಅಜ್ಜಿಯದೂ ಕೆಳಗೇ ಇಳಿದಿದೆ.

ನನ್ನ ಮಗಳಿಗೆ ಏಳು ವರ್ಷ. ಅವಳೂ ನಾರು ಬೇಕು ಅಂತ ಹಟ ಮಾಡಿದಳು. ಲಾಂಚಿನ ಪಕ್ಕ ಜಾಗ ಕೊಟ್ಟೆ. ಅವಳು ಸೇತುವೆ ಬರೆದಳು. 2025ರ ಜುಲೈ 14ರಂದು ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ಶುರುವಾಯಿತಲ್ಲ, ರಜೆಯಲ್ಲಿ ಅಪ್ಪ ಅವಳನ್ನು ಅದರ ಮೇಲೆ ಕರೆದುಕೊಂಡು ಹೋಗಿದ್ದರು. ಅಜ್ಜಿ ಕಂಬ ಏಳುವುದನ್ನಷ್ಟೇ ನೋಡಿದ್ದಳು. ತಮ್ಮನ ಮನೆಗೆ ರಾತ್ರಿ ಹೊತ್ತಲ್ಲೂ ಹೋಗಬಹುದಂತೆ ಅಂತ ಎಷ್ಟು ಸಲ ಹೇಳಿದ್ದಳೋ. ಮಗಳು ಎರಡು ಕಂಬ, ಅದರಿಂದ ಇಳಿಯುವ ತಂತಿಗಳು, ಮೇಲೆ ಒಂದು ಗೊಂಬೆ ಬರೆದಳು. ಗೊಂಬೆಗೆ ಕಣ್ಣು ಇಡಲು ಹೋದಳು. ಅಮ್ಮ ಬೇಡ ಅಂದರು.

ನಾಲ್ಕೂವರೆಗೆ ಗದ್ದೆಗೆ ಹೊರಟೆವು. ಬುಟ್ಟಿ ಅಪ್ಪ ಹೊತ್ತರು. ಸೌತೆಕಾಯಿ ಕಡುಬು, ಬೆರಕೆ ಸೊಪ್ಪಿನ ಪಲ್ಯ, ಅಮಟೆಕಾಯಿ ಎಲ್ಲಾ ಇತ್ತು. ಅಜ್ಜಿಗೆ ಇಷ್ಟ ಅಂತ ಅಮ್ಮ ಒಂದು ಎಲೆ ಅಡಿಕೆಯನ್ನೂ ಇಟ್ಟಿದ್ದರು, ಅದು ಭೂಮಿ ಹುಣ್ಣಿಮೆ ಎಡೆಯಲ್ಲಿ ಮುಂಚೆ ಇತ್ತೋ ಇಲ್ಲವೋ ಯಾರೂ ಕೇಳಲಿಲ್ಲ. ಅಪ್ಪ ಹಚ್ಚಂಬಲಿ ಬೀರುತ್ತಾ ಕೂಗಿದರು. ಕಳೆದ ವರ್ಷ ನಮ್ಮ ಗದ್ದೆಗೆ ಬೀರಿದ್ದ ಪಕ್ಕದವರೂ ಬದುವಿನ ಆಚೆಯಿಂದ ಕೂಗಿದರು.

ಬುಟ್ಟಿ ಮತ್ತೆ ಅಟ್ಟಕ್ಕೆ ಹೋಗಿದೆ. ಒಂದು ತೆಳು ಬಟ್ಟೆ ಸುತ್ತಿದ್ದೇವೆ. ಕಡುಬು ತೆಗೆಯುವ ಹೊತ್ತಿಗೆ ಊರಿಗೆ ಹೋಗಬೇಕು, ಆಗ ಹುಳ ಬಿದ್ದಿದೆಯಾ ನೋಡಿ ಇಲ್ಲಿ ಬರೆಯುತ್ತೇನೆ. ಸೊರಬದ ಅಕ್ಕಾ, ಗುರಿಗೆ ಸಾಕಷ್ಟು ಉಳಿದಿದೆ. ಮುಂದಿನ ವರ್ಷಕ್ಕೂ ಆಗುತ್ತದೆ.